ಹಿತ್ತಲ ದಾರಿ ಕೇಳಿದವನು

ನಮ್ಮ ಓಣಿಯ ರಸ್ತೆ ಅಗಲ ಮಾಡಲು ಯಾರೂ ಬಂದಿರಲಿಲ್ಲ. ಬಂದದ್ದು ಒಂದು ಅಳತೆ ಟೇಪು, ಒಂದು ತುಂಡು ಸೀಮೆಸುಣ್ಣ, ಅವೆರಡನ್ನೂ ಹಿಡಿದುಕೊಂಡು ಮಂದಿಯ ಗೋಡೆ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ ನನ್ನ ಬಾಡಿಗೆಯವನು. ಉಳಿದದ್ದೆಲ್ಲ ಬಾಯಿಂದ ಬಾಯಿಗೆ ಬೆಳೆದದ್ದು. ಪಕ್ಕದ ಮನೆಯ ನೀಲವ್ವ ತನ್ನ ಮುಂಬಾಗಿಲ ಕಲ್ಲುಕಟ್ಟೆಯನ್ನು ತಾನೇ ಕೀಳಿಸಿದಳು. ಅದು ಅವಳ ಅವಸರ. ಇವನು ಮೊದಲೇ ಬಾಯಿ ಬಿಟ್ಟು ಹೇಳಲಿಲ್ಲ. ಅದು ಇವನ ದಡ್ಡತನ. ತಪ್ಪು ಹಂಚಿದರೆ ಇಬ್ಬರಿಗೂ ಸಮಸಮ ಬರುತ್ತದೆ.

ಅವನ ಹೆಸರು ದಸ್ತಗೀರ. ಲಕ್ಷ್ಮೇಶ್ವರದಲ್ಲಿ ಅವನಪ್ಪನದು ಬಳೆ ಅಂಗಡಿ. ಗದಗ ಜಿಲ್ಲೆಯಾದ ಮೇಲೆ ನಮ್ಮ ಬೆಟಗೇರಿಯಲ್ಲೂ ಬಾಡಿಗೆ ಕೋಣೆ ಕೇಳಿಕೊಂಡು ಬರುವವರು ಹೆಚ್ಚಿದ್ದರು. ಮಗ್ಗ ತೆಗೆದ ಮೇಲೆ ಖಾಲಿ ಬಿದ್ದಿದ್ದ ನಮ್ಮ ಮುಂದಿನ ಕೋಣೆಗೆ ಇವನು ಬಂದ. ಜೊತೆಗೆ ಒಂದು ಹಾಸಿಗೆ ಸುರುಳಿ, ಎರಡು ಕಂಪ್ಯೂಟರ್. ಬಾಗಿಲಿಗೆ ತಲೆ ತಗಲುವಷ್ಟು ಉದ್ದ ಆಳು. ತಗಲಿದಾಗಲೂ ತಲೆ ಸವರಿಕೊಳ್ಳದೆ ಬಾಗಿಲನ್ನೇ ಸವರಿ, ಇದು ಎಷ್ಟು ಎತ್ತರ ಇದ್ದೀತು ಎಂದು ನೋಡುತ್ತಿದ್ದ.

ಯಾರ ಮನೆಗೆ ಹೋದರೂ ಅವನು ಮೊದಲು ಬಾಗಿಲ ಹಿಂದೆ ಇಣುಕುತ್ತಿದ್ದ. ಆಮೇಲೆ ಕತ್ತೆತ್ತಿ ಬೆಳಕಿಂಡಿ ನೋಡುತ್ತಿದ್ದ. ಚಹಾ ಕೊಟ್ಟರೆ ಬಟ್ಟಲು ಹಿಡಿದುಕೊಂಡೇ ಮೂಲೆಯಿಂದ ಮೂಲೆಗೆ ಹೋಗಿ ನಿಲ್ಲುತ್ತಿದ್ದ. ಬಂದ ಮೊದಲ ವಾರವೇ ನನ್ನನ್ನು ಕೇಳಿದ:

“ಆಯಿ, ನಿಮ್ಮ ಮನ್ಯಾಗಿಂದ ಹೊರಗ ಹೋಗಾಕ ಇನ್ನೊಂದು ದಾರಿ ಐತೇನ್ರಿ?”

“ಕಳವು ಮಾಡಾಂವೇನ ನೀ?” ಎಂದೆ.

“ಇಲ್ರಿ. ಊರು ಕಟ್ಟಾಂವ.”

“ಕಟ್ಟಿ ಏನ ಮಾಡ್ತಿ?”

“ಅದರಾಗ ಬ್ಯಾರೇದವ್ರು ಬಂದು ಗುಂಡು ಹೊಡೀತಾರ್ರಿ.”

“ಯಾರಿಗೆ?”

“ಒಬ್ಬರಿಗೊಬ್ಬರು.”

ಕೂರಿಸಿಕೊಂಡು ಪೂರ್ತಿ ಹೇಳಿಸಿದೆ. ಕಂಪ್ಯೂಟರಿನ ಆಟವಂತೆ. ಈ ಕಡೆ ಐದು ಮಂದಿ, ಆ ಕಡೆ ಐದು ಮಂದಿ. ಒಬ್ಬ ದುಬೈಯಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕುರ್ಚಿ ಮೇಲೆ. ಆದರೆ ಯಂತ್ರದೊಳಗೆ ಎಲ್ಲರೂ ಒಂದೇ ಊರಿನ ಒಂದೇ ಓಣಿಯಲ್ಲಿ. ಆಡುವವನಿಗೆ ತನ್ನ ಮುಖ ಕಾಣುವುದಿಲ್ಲ, ಬಂದೂಕು ಹಿಡಿದ ಕೈ ಅಷ್ಟೇ. ಕಿವಿಗೊಂದು ತಂತಿ ಸಿಕ್ಕಿಸಿಕೊಂಡು ತಮ್ಮ ಕಡೆಯವರ ಜೊತೆ ಮಾತಾಡುತ್ತ ಮುಂದೆ ಹೋಗುವುದು. ಆ ಊರು, ಆ ಓಣಿ, ಆ ಗೋಡೆಗಳನ್ನು ಮಾಡಿಕೊಡುವುದು ಇವನ ಕೆಲಸ.

“ಸತ್ತಾಂವ ಏನ ಮಾಡ್ತಾನ?”

“ಆಟ ಮುಗಿಯೂತನಕ ಸುಮ್ನ ಕುಂತು ಉಳಿದವ್ರನ್ನ ನೋಡ್ತಾನ್ರಿ.”

“ಹಂಗಾರ ನಮ್ಮತ್ತಿನೂ ನೋಡ್ತಿರಬೇಕು.”

ಬೇರೆ ಯಾರಾದರೂ ನಗುತ್ತಿದ್ದರು. ಇವನು ಗದ್ದ ಹಿಡಿದುಕೊಂಡು ವಿಚಾರ ಮಾಡಿದ. “ನೋಡಾಕತ್ತಿದ್ರ ಏನಂತಿದ್ರು ಅವ್ರು?”

“ಒಲಿ ಮ್ಯಾಲಿನ ಹಾಲು ಉಕ್ಕಾಕತ್ತೈತಿ, ಏಳು ಅಂತಿದ್ಲು,” ಎಂದು ಎದ್ದೆ. ಹಾಲು ನಿಜಕ್ಕೂ ಉಕ್ಕಿತ್ತು.

ನಾನು ಏನು ಹೇಳಿದರೂ ಹೀಗೆ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುವ ಮನುಷ್ಯ. ಮುದುಕಿ ಏನೋ ಅಂದಳು ಎಂದು ಬಿಟ್ಟವನಲ್ಲ. ಆ ಆಟ ಆಡುವುದರಲ್ಲಿ ಮಾತ್ರ ಸೊನ್ನೆ. “ಎಲ್ಲಾರ್ಕಿಂತ ಮೊದಲ ಸಾಯಾಂವ ನಾನ ರಿ. ಗೋಡಿ ನೋಡ್ಕೋತ ನಿಂತಿರ್ತೀನಿ, ಹಿಂದಿಂದ ಯಾರರ ಹೊಡದ ಬಿಡ್ತಾರ,” ಎನ್ನುತ್ತಿದ್ದ.

ಪುಣೆಯಲ್ಲಿ ಇಂಥ ಆಟ ಮಾಡುವ ಒಂದು ಕಂಪನಿಗೆ ಅವನು ಎರಡು ಊರು ಕಟ್ಟಿ ಕಳಿಸಿದ್ದ. ಒಂದು ಮರಳುಗಾಡಿನದು, ಒಂದು ಹಿಮದ್ದು. ಎರಡೂ ವಾಪಸ್ಸು ಬಂದಿದ್ದವು. ಇಲ್ಲಿ ಯಾರೂ ಬಾಳ್ವೆ ಮಾಡಿದಂತೆ ಕಾಣುವುದಿಲ್ಲ ಎಂದಿದ್ದರಂತೆ ಅವರು. ಮರಳುಗಾಡನ್ನೂ ಕಾಣದ, ಹಿಮವನ್ನೂ ಕಾಣದ ಲಕ್ಷ್ಮೇಶ್ವರದವನು ಕಟ್ಟಿದರೆ ಇನ್ನೇನಾದೀತು. ಇನ್ನೊಂದು ಕಳಿಸು, ಅದೇ ಕೊನೆಯದು ಎಂದಿದ್ದರು. ಅವರು ಒಪ್ಪಿದರೆ ಕಾಯಂ ಕೆಲಸ. ಒಪ್ಪದಿದ್ದರೆ ಅಂಗಡಿಗೆ ಬಂದು ಕೂರಬೇಕು ಎಂದು ಅವನಪ್ಪ ಮಾತು ತೆಗೆದುಕೊಂಡಿದ್ದ.

“ಬಳಿ ಇಡಸೂದು ಕೆಟ್ಟ ಕೆಲಸಲ್ರಿ ಆಯಿ. ಆದ್ರ ನನ್ನ ಕೈಯಾಗ ಬಳಿ ಒಡೀತಾವ್ರಿ. ಹೆಣ್ಮಕ್ಕಳು ನನ್ನ ನೋಡಿದ್ರ ಕೈ ಹಿಂದ ತಗೊಂತಾರ.”

ಅದಕ್ಕೇ ಈ ಸಲ ಬಾಳ್ವೆ ಇರುವ ಜಾಗವನ್ನೇ ಹಿಡಿದ. ಅದು ನಮ್ಮ ಓಣಿ.

ಟೇಪು ಹಿಡಿದು ಬಾಗಿಲಿಂದ ಬಾಗಿಲಿಗೆ ಅಳೆದ. ಗುಂಡಿಗೆ ಮರೆಯಾಗಿ ಕೂತರೆ ತಲೆ ಎಲ್ಲಿಗೆ ಬರುತ್ತದೆ, ನಿಂತರೆ ಎಲ್ಲಿಗೆ ಎಂದು ಗೋಡೆಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದ, ಪಕ್ಕದಲ್ಲಿ ಅಂಕಿ ಬರೆದ. ಊರಲ್ಲಿ ಅಲ್ಲಲ್ಲಿ ರಸ್ತೆ ಅಗಲವಾಗುತ್ತಿದ್ದ ಕಾಲ ಅದು. ಗೋಡೆಯ ಮೇಲೆ ಅಂಕಿ ಬಿತ್ತೆಂದರೆ ಹಿಂದೆಯೇ ಜೆಸಿಬಿ ಬರುತ್ತದೆ ಎಂದು ಕೂಸಿಗೂ ಗೊತ್ತಿತ್ತು. ಮೂಲೆಯ ಕಿರಾಣಿ ಅಂಗಡಿ ಚನ್ನಪ್ಪ ಮೂರು ಗಿರಾಕಿಗೆ ಹೇಳಿದ. ಸಂಜೆ ಹೊತ್ತಿಗೆ ಓಣಿ ಎರಡೂ ಕಡೆ ಎಷ್ಟೆಷ್ಟು ಹೋಗುತ್ತದೆ ಎನ್ನುವುದೂ ನಿಕ್ಕಿಯಾಗಿತ್ತು. ಇವನನ್ನು ಒಬ್ಬರಾದರೂ ಕೇಳಲಿಲ್ಲ. ಇವನು ಸರಕಾರದ ಮನುಷ್ಯನೇ ಎಂದುಕೊಂಡಿದ್ದರು; ಅಂಥವನನ್ನು ಕೇಳಿದರೆ ಇನ್ನೊಂದು ಮೊಳ ಹೆಚ್ಚಿಗೆ ಹೋದೀತು ಎಂಬ ಹೆದರಿಕೆ.

ನೀಲವ್ವನ ಕಟ್ಟೆ ಅವಳ ಮಾವ ಕಟ್ಟಿಸಿದ್ದು. ಜೆಸಿಬಿಯವರು ಕಲ್ಲು ಹೊತ್ತೊಯ್ಯುತ್ತಾರೆ ಎಂದು ಅವಳೇ ಆಳು ಹಚ್ಚಿ ಕೀಳಿಸಿ ಕಲ್ಲನ್ನೆಲ್ಲ ಹಿತ್ತಲಿಗೆ ಸಾಗಿಸಿದಳು. ನಾನು ಆಗ ಹಿರೇವಡ್ಡಟ್ಟಿಗೆ ಮಗಳ ಮನೆಗೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಅವಳ ಮನೆ ಮುಂದೆ ಹಲ್ಲು ಬಿದ್ದ ಬಾಯಿಯ ಹಾಗೆ ಬರೀ ಮಣ್ಣು. ಯಾಕೆ ಎಂದು ಕೇಳಿದೆ. ಅವಳು ಹೇಳಿದಳು. ಅವನು ಅಳೆಯುವುದು ಯಾತಕ್ಕೆ ಎಂದು ನಾನು ಹೇಳಿದೆ. ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ಓಣಿಯೇ ನಮ್ಮ ಬಾಗಿಲಿಗೆ ಬಂತು. ಮುಂದೆ ಚನ್ನಪ್ಪ.

“ಗಂಗವ್ವಾ, ನಿನ್ನ ಬಾಡಿಗಿಯಂವನ್ನ ಹೊರಗ ಕರಿ. ಇವತ್ತ ಖೋಲಿ ಬಿಡಸು.”

“ಕರೀತೀನಿ. ರಸ್ತಾ ಅಗಲ ಆಕ್ಕೈತಿ ಅಂತ ನಿನಗ ಯಾರು ಹೇಳಿದ್ರು?”

“ಎಲ್ಲಾರೂ ಅಂದ್ರು.”

“ಎಲ್ಲಾರೂ ಅಂದ್ರ ನಿನ್ನ ಅಂಗಡಿ ಮುಂದ ನಿಂತವ್ರು. ಅವ್ರಿಗೆ ಹೇಳಿದಾಂವ ನೀನ.”

ದಸ್ತಗೀರ ಹೊರಗೆ ಬರುತ್ತ ತಲೆಗೆ ಬಾಗಿಲು ಬಡಿಸಿಕೊಂಡ. ನೀಲವ್ವ ಕೇಳಿದಳು, “ಹುಡುಗರ ಆಟಕ್ಕ ನನ್ನ ಕಟ್ಟಿ ಕೀಳಸಿದೇನಲೇ?”

“ನಾ ಕೀಳಸಿಲ್ರಿ ಅವ್ವಾರ.”

“ನೀ ಗೆರಿ ಎಳದಿ, ನಾ ಕೀಳಸಿದೆ. ಎರಡೂ ಒಂದ.”

ಉಳಿದವರಲ್ಲಿ ಆಟ ಎಂದರೆ ನಂಬುವವರು ಇರಲಿಲ್ಲ. ನಾನು ಬಾಗಿಲು ಪೂರ್ತಿ ತೆಗೆದೆ. “ಒಳಗ ಬಂದು ನೋಡ್ರಿ. ನೋಡಿದ ಮ್ಯಾಲೂ ಬಿಡಸು ಅಂದ್ರ ಬಿಡಸ್ತೀನಿ.”

ಕಂಪ್ಯೂಟರಿನಲ್ಲಿ ನಮ್ಮ ಓಣಿ ಇತ್ತು. ಮಂದಿ ಇಲ್ಲ, ದನ ಇಲ್ಲ, ಮಧ್ಯಾಹ್ನದ ಬಿಸಿಲು ಬಿದ್ದ ಖಾಲಿ ಓಣಿ. ಎಲ್ಲರೂ ಕುತ್ತಿಗೆ ಚಾಚಿ ತಮ್ಮ ತಮ್ಮ ಮನೆ ಹುಡುಕಿದರು. ಆಮೇಲೆ ಶುರುವಾಯಿತು. ನಮ್ಮ ಬಾಗಿಲು ಇಷ್ಟು ಗಿಡ್ಡ ಇಲ್ಲ. ನಮ್ಮ ಗೋಡೆಯ ಬಿರುಕು ಆ ಕಡೆ ಅಲ್ಲ, ಈ ಕಡೆ. ಗಟಾರ ಎಲ್ಲಿ.

“ನನ್ನ ಅಂಗಡಿ ಬೋರ್ಡ್ ಎಲ್ಲೈತಿ?” ಎಂದ ಚನ್ನಪ್ಪ.

“ಇನ್ನಾ ಹಾಕಿಲ್ರಿ ಕಾಕಾ.”

“ಹಾಕು. ದಪ್ಪ ಅಕ್ಷರದಾಗ.”

ಖೋಲಿ ಬಿಡಿಸಲು ಬಂದವರು ಚಹಾ ಕುಡಿದು ಹೋದರು. ನೀಲವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ನೋಡಿದಳು. ಕೀಳುವ ಮೊದಲೇ ಅಳೆದುಕೊಂಡಿದ್ದನಲ್ಲ, ಅವಳ ಕಟ್ಟೆ ಅದರೊಳಗೆ ಇಡಿಯಾಗಿ ಕೂತಿತ್ತು. “ಅಲ್ಲಿ ಐತಿ, ಇಲ್ಲಿ ಇಲ್ಲ. ಎಂಥಾ ನ್ಯಾಯ ನೋಡು,” ಎಂದು ಹೋಗಿಬಿಟ್ಟಳು. ಅಂದಿನಿಂದ ಇವನು ಎದುರು ಬಂದರೆ ಗೋಡೆ ಕಡೆ ಮುಖ ಮಾಡುತ್ತಿದ್ದಳು.

ಪುಣೆಯವರು ಹತ್ತು ಜನರನ್ನು ಅವನು ಕಟ್ಟಿ ಕಳಿಸಿದ ನಮ್ಮ ಓಣಿಯಲ್ಲಿ ಬಿಟ್ಟು ಆಡಿಸಿ ನೋಡಿದರು. ಊರು ಚಲೋ ಇದೆ, ಆಟ ಕೆಟ್ಟಿದೆ ಎಂದರು. ಓಣಿಯ ಆಚೆ ತುದಿಯಲ್ಲಿರುವ ಮಗ್ಗದ ಶೆಡ್ಡಿನ ಕಡೆಯಿಂದ ಹೊರಟ ತಂಡವೇ ಪ್ರತಿ ಸಲ ಗೆಲ್ಲುತ್ತಿತ್ತು. ಅವರಲ್ಲಿ ಒಬ್ಬ ಓಡಿ ಬಂದು ನೀಲವ್ವನ ಕಟ್ಟೆ ಹಿಂದೆ ಕೂತರೆ ಸಾಕು, ಎದುರಿಂದ ಬರುವ ಐವರನ್ನೂ ಒಬ್ಬನೇ ಹೊಡೆಯುತ್ತಿದ್ದ.

“ಓಣಿ ಸೀದಾ ಐತ್ರಿ ಆಯಿ. ಆ ಕಡೆಯವ್ರಿಗೆ ಎರಡನೇ ದಾರಿ ಇಲ್ಲ. ಬರೇ ಸಾಯಾಕ ಬಂದಂಗಾಕ್ಕೈತಿ.”

“ಮತ್ತ ಏನ ಮಾಡಂತಾರ?”

“ಕಟ್ಟಿ ತಗೀರಿ, ನಡುವ ಒಂದು ಗೋಪುರ ಹಾಕ್ರಿ ಅಂತಾರ. ಇಲ್ಲದ್ದು ಹಾಕಿದ್ರ ಮತ್ತ ಯಾರೂ ಬಾಳದ ಊರಾಕ್ಕೈತ್ರಿ.” ಅಂದು ರೊಟ್ಟಿ ಕೊಟ್ಟರೆ ಮುರಿದು ಹಾಗೇ ಇಟ್ಟ.

“ಓಣಿಗೆ ಒಂದ ದಾರಿ ಅಂತ ಯಾರು ಹೇಳಿದ್ರು?” ಎಂದೆ.

“ನಾನ ಅಳದೀನಲ್ರಿ.”

“ನೀ ಗಂಡಸರು ನಡಿಯೂದು ಅಳದಿ.”

ಅವನು ಎದ್ದು ನಿಂತ.

ನಾವು ಸೊಸೆಯಂದಿರಾಗಿದ್ದಾಗ ಅತ್ತೆಯರು ನೂಲು ಸುತ್ತುತ್ತ ಮುಂಬಾಗಿಲಲ್ಲೇ ಕೂರುತ್ತಿದ್ದರು. ಅವರನ್ನು ದಾಟಿ ಓಣಿಗೆ ಇಳಿದರೆ ಯಾಕೆ, ಎಲ್ಲಿಗೆ, ಎಷ್ಟೊತ್ತಿಗೆ ಎಂಬ ವಿಚಾರಣೆ. ಹಾಗಾಗಿ ನಮ್ಮ ಓಡಾಟವೆಲ್ಲ ಹಿಂದೆ. ಬಚ್ಚಲ ಹಿಂದಿನ ಗೋಡೆಯಲ್ಲಿ ಒಬ್ಬಳು ನುಸುಳುವಷ್ಟು ಸಂದಿ. ಅದು ನೀಲವ್ವನ ಹಿತ್ತಲಿಗೆ. ಅಲ್ಲಿಂದ ನೂಲಿಗೆ ಬಣ್ಣ ಹಾಕುವವರ ಅಂಗಳ, ಆಮೇಲೆ ಬಾವಿ, ಬಾವಿಯಿಂದ ಓಣಿಯ ಆಚೆ ತುದಿ. ಉಪ್ಪಿನಿಂದ ಹಿಡಿದು ಅಳುವವರೆಗೆ ಎಲ್ಲ ಆ ದಾರಿಯಲ್ಲೇ ಹೋಗಿ ಬಂದದ್ದು. ಗಂಡಸರಿಗೆ ಅದನ್ನು ನಾವು ಮುಚ್ಚಿಟ್ಟಿರಲಿಲ್ಲ. ಅವರು ಕೇಳಿರಲಿಲ್ಲ, ಅಷ್ಟೆ.

ಅವನನ್ನು ಹಿತ್ತಲಿಗೆ ಕರೆದೊಯ್ದು ಸಂದಿ ತೋರಿಸಿದೆ. ಆಚೆ ಬದಿಗೆ ಕಲ್ಲು ಒಟ್ಟಿ ದಾರಿ ಬಂದಾಗಿತ್ತು. ಕಟ್ಟೆಯ ಕಲ್ಲು.

“ಅವ್ವಾರ ಬಿಡಾಂಗಿಲ್ರಿ,” ಎಂದ.

“ಹೋಗಿ ಕೇಳು. ನಾ ಕೇಳಾಂಗಿಲ್ಲ. ಕಟ್ಟಿ ಹೋದದ್ದು ನಿನ್ನ ಸಲುವಾಗಿ.”

ಹೋದ. ನಾನು ಗೋಡೆಯ ಈ ಕಡೆ ನಿಂತು ಕೇಳಿಸಿಕೊಂಡೆ. ನೀಲವ್ವ ಅವನಿಗೆ ಎಲ್ಲ ಹೇಳಲು ಬಿಟ್ಟಳು. ಕೊನೆಗೆ ಅಂದಳು, “ಹೆಂಗಸರು ಅಡ್ಡಾಡೂ ಜಾಗಾ ಇದು. ಜಗತ್ತಿನ ಹುಡುಗರನ್ನೆಲ್ಲ ನನ್ನ ಹಿತ್ತಲದಾಗ ಓಡಸ್ತಿ?”

“ನೀವು ಬ್ಯಾಡ ಅಂದ್ರ ಹಾಕೂದಿಲ್ರಿ.”

“ಹಾಕಲಿಲ್ಲಂದ್ರ ಏನಾಕ್ಕೈತಿ?”

“ಬಳಿ ಅಂಗಡ್ಯಾಗ ಕುಂಡ್ರತೀನ್ರಿ.”

ಅವಳು ಹೇಳಿದಳು, “ಕಲ್ಲು ತಗದ್ರ ದಾರಿ ಸಿಗ್ತೈತಿ. ತಗದ ಕಲ್ಲು ಎಲ್ಲಿದ್ದವೋ ಅಲ್ಲೇ ಕುಂಡ್ರಬೇಕು. ಆಳು ಹಚ್ಚಬ್ಯಾಡ. ನೀನ ಕಟ್ಟು.”

ಊರುಗಳನ್ನು ಕಟ್ಟುವ ಮನುಷ್ಯ ಒಂದು ಕಟ್ಟೆ ಕಟ್ಟುವುದನ್ನು ನೋಡಲು ಚನ್ನಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ. ದಸ್ತಗೀರ ಒಂದು ಕಲ್ಲು ಎತ್ತಿದರೆ ಎರಡು ಸಲ ಕೂರುತ್ತಿದ್ದ. ಬೆರಳು ಜಜ್ಜಿಕೊಂಡ. ಮಣ್ಣು ಕಲಸಿದ್ದು ನೀರಾಯಿತು. “ಕಂಪ್ಯೂಟರ್‌ದಾಗ ಕಲ್ಲಿಗೆ ಭಾರ ಇರೂದಿಲ್ರಿ,” ಎಂದ ಏದುತ್ತ. “ಅದಕ್ಕ ಅಲ್ಲಿ ಜಲ್ದಿ ಏಳ್ತೈತಿ,” ಎಂದಳು ನೀಲವ್ವ. ಅವನ ಜೊತೆ ಅವಳು ಬೈಯದೆ ಆಡಿದ ಮೊದಲ ಮಾತು ಅದು.

ಕಟ್ಟೆ ಎದ್ದಿತು. ಒಂದು ಕಡೆ ಓಣಿಗೆ ಚಾಚಿತ್ತು, ಮೇಲಿನ ಚಪ್ಪಡಿ ಬಾವಿ ಕಡೆ ವಾಲಿತ್ತು. ನೀಲವ್ವ ಕೂತಳು, ಎದ್ದಳು, ಇನ್ನೊಂದು ತುದಿಗೆ ಹೋಗಿ ಕೂತಳು.

“ಸೊಟ್ಟ ಐತಿ. ಕುಂಡ್ರಾಕ ಅಡ್ಡಿಯಿಲ್ಲ.”

ಇವನು ಕೈ ತೊಳೆದುಕೊಂಡು ಟೇಪು ತಂದು ಮತ್ತೆ ಅಳೆಯತೊಡಗಿದ.

“ಈಗ್ಯಾಕ ಅಳೀತಿ? ಮೊದಲ ಅಳದಿಯಲ್ಲ?”

“ಇಲ್ಲಿ ಸೊಟ್ಟಾದ್ರ ಅಲ್ಲಿನೂ ಸೊಟ್ಟಾಗಬೇಕಲ್ರಿ ಅವ್ವಾರ.”

ನೀಲವ್ವ ನನ್ನ ಕಡೆ ನೋಡಿದಳು. ಆಮೇಲೆ ಟೇಪಿನ ಆ ತುದಿಯನ್ನು ತಾನೇ ಹಿಡಿದಳು. ಹಿತ್ತಲನ್ನೂ ಅವಳೇ ನಿಂತು ಅಳೆಸಿದಳು. ಕುಳ್ಳಿನ ರಾಶಿ, ನೀರಿನ ಹಂಡೆ, ತಂತಿಗೆ ಹಾಕಿದ ಕೆಂಪು ನೂಲು, ಯಾವುದನ್ನೂ ಬಿಡಗೊಡಲಿಲ್ಲ.

ಪುಣೆಯವರು ಒಪ್ಪಿದರು. ಈಗ ಎರಡೂ ತಂಡ ಗೆಲ್ಲುತ್ತವೆ, ಎರಡೂ ಸೋಲುತ್ತವೆ ಎಂದರಂತೆ. ಅವನು ಅಪ್ಪನಿಗೆ ಫೋನು ಮಾಡಿದ. ಅಪ್ಪ ಏನೆಂದ ಎಂದು ಕೇಳಿದೆ. “ಬಳಿ ಉಳದವು ಅಂದ್ರು,” ಎಂದ. ಕಂಪನಿಯವರ ಜೊತೆಗೇ ಕೂತು ಕೆಲಸ ಮಾಡಬೇಕೆಂದು ಪುಣೆಗೆ ಹೊರಟ. ಹಾಸಿಗೆ ಸುರುಳಿ ಇಲ್ಲೇ ಬಿಟ್ಟುಹೋದ.

ಕೊನೆಯ ಸಲ ಬಂದದ್ದು ಆ ಆಟ ಮಂದಿಯ ಕೈಗೆ ಸಿಕ್ಕ ಮೇಲೆ. ಮಡಚುವ ಕಂಪ್ಯೂಟರ್ ತಂದಿದ್ದ. ನನ್ನನ್ನೂ ನೀಲವ್ವನನ್ನೂ ಮುಂದೆ ಕೂರಿಸಿಕೊಂಡ. ಓಣಿಗೆ ಯಾವುದೋ ಪರದೇಶದ ಹೆಸರು ಇಟ್ಟಿದ್ದರು. ಚನ್ನಪ್ಪನ ಬೋರ್ಡಿನ ಮೇಲೆ ಬೇರೆ ಯಾವುದೋ ಅಕ್ಷರ ಇತ್ತು, ದಪ್ಪವಾಗಿಯೇ ಇತ್ತು. ಉಳಿದದ್ದು ನಮ್ಮದೇ. ಹತ್ತು ಮಂದಿ ಬಂದರು. ದಸ್ತಗೀರ ಎಂದಿನಂತೆ ಗೋಡೆ ನೋಡುತ್ತ ನಿಂತು ಮೊದಲೇ ಸತ್ತ. ಅವನ ಕಡೆಯ ನಾಲ್ವರು ಸೀದಾ ಓಣಿ ಹಿಡಿದರು, ಮೂವರು ಬಿದ್ದರು. ಉಳಿದವನು ನಮ್ಮ ಬಚ್ಚಲ ಹಿಂದೆ ಬಂದು ತಡೆದು ನಿಂತ.

“ಎಡಕ್ಕ ಸಂದಿ ಐತಿ ನೋಡಲೇ, ಎಡಕ್ಕ,” ಎಂದಳು ನೀಲವ್ವ.

ಅವನು ನೋಡಿದ. ನುಸುಳಿದ. ನೀಲವ್ವನ ಹಿತ್ತಲಿಗೆ ಇಳಿದು ಹಂಡೆಯ ಪಕ್ಕ ಕೂತ.

“ಯಾರ ಮಗ ಇಂವ?”

“ಗೊತ್ತಿಲ್ರಿ ಅವ್ವಾರ. ಯಾವ ದೇಶದಾಂವೋ.”

“ಚಪ್ಪಲಿ ಬಿಟ್ಟು ಹೋಗಂತ ಹೇಳು.”

“ನಾ ಹೇಳಿದ್ರ ಕೇಳಸೂದಿಲ್ರಿ. ನಾ ಸತ್ತೀನಿ, ಇನ್ನ ನೋಡೂದಷ್ಟ.”

ಮೂವರೂ ನೋಡುತ್ತ ಕೂತೆವು. ಆ ಪರದೇಶದವನು ಬಣ್ಣದವರ ಅಂಗಳ ದಾಟಿ, ಬಾವಿ ಸುತ್ತಿ, ಕಟ್ಟೆ ಹಿಂದೆ ಅಡಗಿದವನ ಬೆನ್ನಿಗೇ ಹೋಗಿ ನಿಂತ. ನೀಲವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

ಹೋಗುವಾಗ ದಸ್ತಗೀರ ಹಾಸಿಗೆ ಸುರುಳಿ ಹೊತ್ತುಕೊಂಡ. ಕೋಣೆ ಬೇರೆಯವರಿಗೆ ಕೊಡ್ರಿ ಆಯಿ, ನಾ ಇನ್ನ ಬರೂದು ಕಡಿಮಿ ಎಂದ. ಆತು ಎಂದೆ. ಬಾಗಿಲಿಗೆ ತಲೆ ಬಗ್ಗಿಸಿಯೇ ಹೋದ, ಬಡಿಯಲಿಲ್ಲ. ಆಮೇಲೆ ಬಂದಿಲ್ಲ. ಹಬ್ಬಕ್ಕೆ ಫೋನು ಬರುತ್ತಿತ್ತು, ಈಗ ಅದೂ ಇಲ್ಲ. ಎಲ್ಲೋ ಯಾರದೋ ಮನೆಯ ಬಾಗಿಲ ಹಿಂದೆ ಇಣುಕುತ್ತಿರಬೇಕು.

ಆಟ ಬೇರೆ, ಮನೆ ಬೇರೆ ಎಂಬುದು ನನಗೆ ಗೊತ್ತಿದೆ. ಆದರೂ ಕೇಳದ ಪರದೇಶದವರಿಗೂ ಹಿತ್ತಲ ದಾರಿ ಗೊತ್ತಾದ ಮೇಲೆ ಸುಮ್ಮನೆ ಇರಬಾರದು. ಅವನು ಹೋದ ಮರುದಿನ ಬೆಳಿಗ್ಗೆ ಬಡಿಗನನ್ನು ಕರೆಸಿ, ನಮ್ಮ ಹಿತ್ತಲ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ ಹಾಕಿಸಿದೆ.