ಅಮಾವಾಸ್ಯೆಯ ಒಂದು ಗೇಣು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಹಿಂದೂಪುರದ ನೇಕಾರ. ಸೀರೆ ನೇಯುವುದು ಗೊತ್ತು, ಸುಳ್ಳು ನೇಯುವುದು ಗೊತ್ತಿಲ್ಲ. ಇದು ಯುದ್ಧದ ಕಾಲದಲ್ಲಿ ಮದ್ರಾಸಿನ ಬೀದಿಯಲ್ಲಿ ನನಗೇ ಆದದ್ದು...

ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೆವು. ಭಾವನಿಗೆ ಮದ್ರಾಸಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋಗಿದ್ದರು. ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಸೀಮಂತ ಗೊತ್ತಾದಾಗ, ತವರಿನ ಮಗ್ಗದ ಸೀರೆ ಉಟ್ಟೇ ಹಸೆಗೆ ಕೂರುತ್ತೇನೆ, ಇಲ್ಲದಿದ್ದರೆ ಈ ಮಗುವೂ ಉಳಿಯುವುದಿಲ್ಲ ಎಂದು ಕಾಗದ ಬರೆಸಿದಳು.

ತವರು ಅಂದರೆ ಉಳಿದವನು ನಾನೊಬ್ಬನೇ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳಿದ್ದಾಗ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಅವಳದು. ಎಲೆಯಡಿಕೆ ಬಾಯಲ್ಲೇ ನೂಲಿನ ತುದಿ ಒದ್ದೆ ಮಾಡುತ್ತಿದ್ದಳು. ತುದಿ ಕೆಂಪಾಗುತ್ತದಮ್ಮ ಎಂದು ರೇಗಿದರೆ ನಕ್ಕು ಮುಂದಿನ ಕಂಡಿಕೆ ಎತ್ತಿಕೊಳ್ಳುತ್ತಿದ್ದಳು.

ನೂಲು ಸಿಕ್ಕಿದ್ದೇ ತಡವಾಗಿ, ಹೊರಡುವ ದಿನ ಇನ್ನೂ ಒಂದು ಗೇಣು ನೇಯುವುದಿತ್ತು. ಅವತ್ತು ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಕೈಮುಗಿಯುತ್ತೇವೆ, ನೇಯುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ಕೂತೆ. ಗೇಣು ಮುಗಿಸಿ, ಸೀರೆಯನ್ನು ಗಂಟು ಕಟ್ಟಿಕೊಂಡು ರೈಲು ಹತ್ತಿದೆ.

ಮರುದಿನ ಸಂಜೆ ಮದ್ರಾಸಿನಲ್ಲಿ ಇಳಿದರೆ ಗಾಳಿ, ಮಳೆ. ಬಾಂಬಿನ ಭಯಕ್ಕೆ ಬೀದಿದೀಪಗಳಿಗೆಲ್ಲ ಕಪ್ಪು ಮುಸುಕು. "ಈ ಗಾಲಿಕಿ ಗುರ್ರಂ ಕದಲದಯ್ಯಾ" ಎಂದು ಜಟಕಾದವನು ಮುಖ ತಿರುಗಿಸಿದ. ಗಾಳಿಗೆ ಕುದುರೆ ಕದಲದಿದ್ದರೆ ನೇಕಾರನೇ ಕದಲಬೇಕು. ಗಂಟನ್ನು ಎದೆಗವುಚಿಕೊಂಡು ನಡೆದೆ.

ಅಷ್ಟು ದೊಡ್ಡ ಪಟ್ಟಣ... ಒಂದು ನರಪಿಳ್ಳೆ ಇಲ್ಲ. ಮುಚ್ಚಿದ ಬಾಗಿಲುಗಳು, ಉಕ್ಕುವ ಚರಂಡಿ, ಸಮುದ್ರದ ಕಡೆಯಿಂದ ಉಪ್ಪು ಗಾಳಿ. ಇಲ್ಲಿ ಬಿದ್ದು ಸತ್ತರೂ ನನ್ನ ಹೆಸರು ಹೇಳುವವರಿಲ್ಲ ಅನಿಸಿ ಅಳು ಬಂತು.

ಆಗ ಹಿಂದಿನಿಂದ ಕೇಳಿಸಿತು. ಟಕ್... ಟಕ್... ಮಗ್ಗದ ಸದ್ದು.

ನಿಂತೆ. ಅದೂ ನಿಂತಿತು. ನಡೆದೆ. ಟಕ್... ಟಕ್... ಆ ಮಳೆಯಲ್ಲೂ ಎಲೆಯಡಿಕೆಯ ವಾಸನೆ ಮೂಗಿಗೆ ಬಡಿಯಿತು.

"ಯಾಕ್ಲಾ ಈರ, ಅಮಾಸೆ ದಿನ ಮಗ್ಗಕ್ಕೆ ಕೂತ್ಬುಟ್ಟೆ?"

ಮದ್ರಾಸಿನ ಬೀದಿಯಲ್ಲಿ ನಮ್ಮ ಮನೆಯ ಮಾತು! ಸ್ವರ ಅಮ್ಮನದೇ.

"ಅಕ್ಕಂಗೆ ಕಣಮ್ಮ... ಹೊತ್ತಾಗೋಗಿತ್ತು" ಎಂದೆ, ತಿರುಗದೆ.

"ಇತ್ಲಾಗೆ ಕೊಡು. ನಾನ್ ಸರಿ ಮಾಡ್ತೀನಿ."

ಗಂಟನ್ನು ಯಾರೋ ಮೆಲ್ಲಗೆ ಜಗ್ಗಿದರು. ನಾನು ಬಿಡಲಿಲ್ಲ. ಓಡಿದೆ. ಎಷ್ಟು ಬೀದಿ ದಾಟಿದೆನೋ, ಯಾರನ್ನು ದಾರಿ ಕೇಳಿದೆನೋ ನೆನಪಿಲ್ಲ.

ಅಕ್ಕನ ಮನೆಯಲ್ಲಿ ನನ್ನ ಮೈಯಿಂದ ನೀರು ಇಳಿಯುತ್ತಿತ್ತು. ಗಂಟು ಮಾತ್ರ ಒಂದಿಷ್ಟೂ ನೆನೆದಿರಲಿಲ್ಲ, ನಾನು ಕಟ್ಟಿದ ಹಾಗೆಯೇ ಇತ್ತು. ಅಕ್ಕ ಬಿಚ್ಚಿದಳು. ಸೀರೆಯ ಕೊನೆಯ ಒಂದು ಗೇಣಿನಲ್ಲಿ ನೇಯ್ಗೆಯೇ ಇರಲಿಲ್ಲ. ಅಡ್ಡ ಹಾಕಿದ ಹಳದಿ ನೂಲು ಪೂರ್ತಿ ಹೋಗಿ, ಉದ್ದದ ಎಳೆಗಳಷ್ಟೇ ಜೋತಾಡುತ್ತಿದ್ದವು.

ಮಡಿಕೆಯಿಂದ ಒಂದು ಕಂಡಿಕೆ ಉರುಳಿತು. ಹೋದ ಹಳದಿ ನೂಲನ್ನೆಲ್ಲ ಅದಕ್ಕೆ ಅಚ್ಚುಕಟ್ಟಾಗಿ ಸುತ್ತಿತ್ತು. ತುದಿ ಕೆಂಪಗೆ, ಹಸಿಯಾಗಿತ್ತು.

ನಾನು ಏನೂ ಹೇಳಿರಲಿಲ್ಲ. ಅಕ್ಕ ಅದನ್ನು ಎತ್ತಿಕೊಂಡು ತುದಿ ನೋಡಿದಳು.

"ಅಮ್ಮ ಬಂದಿದ್ಲಾ?"

ಒಂದು ಗೇಣು ಕಡಿಮೆಯಾದ ಸೀರೆಯನ್ನೇ ಉಟ್ಟು ಅವಳು ಹಸೆಗೆ ಕೂತಳು. ಹೆಣ್ಣುಮಗು ಹುಟ್ಟಿತು, ಉಳಿಯಿತು. ಈಗ ಅವಳಿಗೆ ಎಂಟು ವರ್ಷ.

ಅವಳನ್ನು ನೋಡಿದಾಗಲೆಲ್ಲ ಸಂತೋಷ, ಅದರ ಹಿಂದೆಯೇ ಸಂಕಟ. ಅಷ್ಟು ದೂರ, ಆ ಮಳೆಯಲ್ಲಿ, ನನ್ನ ತಪ್ಪು ಬಿಚ್ಚಲು ಬಂದವಳ ಮುಖವನ್ನು ನಾನು ಹೆದರಿ ನೋಡಲೇ ಇಲ್ಲ.

ಆ ಕಂಡಿಕೆ ನನ್ನ ಮಗ್ಗದ ಪಕ್ಕದ ಗೂಡಿನಲ್ಲಿದೆ. ಲಾಳಿಗೆ ಹಾಕುವ ಧೈರ್ಯ ಬಂದಿಲ್ಲ. ಇವತ್ತು ಬೆಳಿಗ್ಗೆಯೂ ಮುಟ್ಟಿ ನೋಡಿದೆ... ತುದಿ ಇನ್ನೂ ಒಣಗಿಲ್ಲ.