ಎಣಿಸದ ಉಸಿರು

ಆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ನಿಮಿಷದಕ್ಕ ಎಂದೇ ಕರೆಯುತ್ತಿದ್ದರು. ನರ್ಸ್ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ರೋಗಿಯ ಉಸಿರನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಅವಳದಲ್ಲ. ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಪೂರ್ತಿ ಬರುವವರೆಗೂ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಅದೂ ನಾಡಿ ನೋಡುವವಳಂತೆ ಕೈ ಹಿಡಿದುಕೊಂಡೇ ಎಣಿಸುತ್ತಿದ್ದಳು. ತನ್ನ ಉಸಿರನ್ನು ಯಾರೋ ಗಮನಿಸುತ್ತಿದ್ದಾರೆಂದು ಗೊತ್ತಾದರೆ ಸಾಕು, ಎಂಥವರೂ ಬೇರೆ ಥರ ಉಸಿರಾಡತೊಡಗುತ್ತಾರೆ. ಹೊಸ ಹುಡುಗಿಯರಿಗೆ ಇದನ್ನು ಬೈದು ಬೈದೇ ಕಲಿಸಿದ್ದಳು.

"ಎಣಿಸದೆ ಇಪ್ಪತ್ತು ಅಂತ ಬರೆಯೋದು ಬರೀ ಸುಳ್ಳಲ್ಲ ಕಣ್ರೇ, ಕಳ್ಳತನ."

ಆ ವರ್ಷ ಮೂವರು ನರ್ಸುಗಳು ಕೆಲಸ ಬಿಟ್ಟರು. ಅವರ ಜಾಗಕ್ಕೆ ನರಪಿಳ್ಳೆಯೂ ಬರಲಿಲ್ಲ. ಮೂವತ್ತೆಂಟು ಹಾಸಿಗೆಗೆ ಇಬ್ಬರು ಉಳಿದರು. ನಿಮಿಷದಕ್ಕನ ಕಾಲು ಊದಿಕೊಂಡವು. ಮನೆಯಲ್ಲಿ ಮಗಳು ಏನು ಕೇಳಿದರೂ "ಆಮೇಲೆ" ಎನ್ನುತ್ತಿದ್ದಳು. ಗಂಡ ಕೇಳುವುದನ್ನೇ ಬಿಟ್ಟಿದ್ದ. ಇವರ ಸುಸ್ತಿನ ಸುದ್ದಿ ಮೇಲಿನವರ ಕಿವಿಗೂ ಬಿತ್ತು. ನರ್ಸುಗಳನ್ನು ಕಳಿಸಿಯಾರೆಂದು ಇವರು ಕಾದರೆ, ಅವರು ಉಸಿರಾಟ ಹೇಳಿಕೊಡುವ ಮೇಡಂ ಒಬ್ಬರನ್ನು ಕಳಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹದಿನೈದು ನಿಮಿಷ, ಹಾಜರಿ ಕಡ್ಡಾಯ.

ಒಗೆದ ಬೆಡ್‌ಶೀಟು ಪೇರಿಸಿಡುವ ಕೋಣೆಯಲ್ಲಿ ನಾಲ್ಕೈದು ವಾರ್ಡಿನ ನರ್ಸುಗಳು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಳ್ಳಬೇಕು, ಆರು ಎಣಿಸುತ್ತ ಬಿಡಬೇಕು. ಮೊದಲ ದಿನ ನಿಮಿಷದಕ್ಕ ಮೂರನೇ ಉಸಿರಿಗೇ ಗೊರಕೆ ಹೊಡೆದು ಎಲ್ಲರನ್ನೂ ನಗಿಸಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆಮೇಲಾಮೇಲೆ ಅವಳಿಗೆ ಹಿತವೆನಿಸುತ್ತಿತ್ತು. ಮೇಡಂ ಒಳ್ಳೆಯ ಹೆಂಗಸು. ತಪ್ಪು ಅವರದಲ್ಲ.

ಮೂರನೇ ವಾರ ಮೇಡಂ, "ಇವತ್ತು ಲೆಕ್ಕ ಏನೂ ಬೇಡ. ನಿಮ್ಮ ಉಸಿರನ್ನ ನೀವೇ ಸುಮ್ನೆ ನೋಡ್ತಾ ಇರಿ," ಎಂದರು. ನಿಮಿಷದಕ್ಕ ಕಣ್ಣು ಮುಚ್ಚಿದಳು. ಎದೆಯ ಬಿಗಿ ಸಡಿಲವಾದಂತೆ, ಬೆಳಗಿನಿಂದ ತಲೆಯೊಳಗೆ ಗಿರಗಿರ ತಿರುಗುತ್ತಿದ್ದದ್ದು ನಿಂತಿತು. ನಿಂತ ಮೇಲೆ ಕಂಡದ್ದು ಏಳನೇ ಹಾಸಿಗೆ. ಅಲ್ಲಿದ್ದವನು ಹೊಟ್ಟೆ ಆಪರೇಷನ್ ಆಗಿ ಮೂರು ದಿನವಾಗಿದ್ದ ಮುದುಕ, ದರ್ಜಿ. ಬೆಳಿಗ್ಗೆ ಒಂದು ಮಾತನ್ನು ನಡುವೆ ಉಸಿರೆಳೆದು ಎರಡು ತುಂಡು ಮಾಡಿ ಆಡಿದ್ದ. ಅವನ ಚಾರ್ಟಿನಲ್ಲಿ ಅವಳು ಇಪ್ಪತ್ತು ಎಂದು ಬರೆದಿದ್ದಳು. ಎಣಿಸಿರಲಿಲ್ಲ. ಆ ಸಾಲಿನ ಹಾಸಿಗೆಗಳಿಗೆಲ್ಲ ಇಪ್ಪತ್ತೇ ಬರೆದುಕೊಂಡು ಹೋಗಿದ್ದಳು.

ಅವಳು ದಡಬಡನೆ ಎದ್ದಳು.

"ಮಧ್ಯದಲ್ಲಿ ಏಳಬಾರದು ಸಿಸ್ಟರ್," ಎಂದರು ಮೇಡಂ. ಅವಳು ಆಗಲೇ ಬಾಗಿಲು ದಾಟಿದ್ದಳು.

ದರ್ಜಿಯ ಕೈ ಹಿಡಿದು ಎಣಿಸಿದಳು. ಅರ್ಧ ನಿಮಿಷಕ್ಕೇ ಹದಿನೆಂಟು. ತುಟಿ ನೀಲಿಗಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ನಿಮಿಷ ಕಾಯದೆ ಡಾಕ್ಟರನ್ನು ಕೂಗಿದಳು. ಆಕ್ಸಿಜನ್ ಹಾಕಿದರು, ಸ್ಟ್ರೆಚರ್ ತಂದರು. ಡಾಕ್ಟರು ಚಾರ್ಟ್ ತಿರುವಿ, "ಬೆಳಿಗ್ಗೆ ಇಪ್ಪತ್ತೇ ಇದೆಯಲ್ಲ. ಇದ್ದಕ್ಕಿದ್ದ ಹಾಗೆ ಏರಿದೆ," ಎಂದರು. ಅವಳು ಬಾಯಿಬಿಡಲಿಲ್ಲ. ಆ ಮೌನಕ್ಕೆ ಅವಳು ಆಮೇಲೆ ಎಷ್ಟು ನಾಚಿದಳೆಂದರೆ, ಮರುದಿನ ಬೆಳಿಗ್ಗೆ ಹೆಡ್ ನರ್ಸ್ ಹತ್ತಿರ ತಾನೇ ಹೋಗಿ ನಡೆದದ್ದನ್ನು ಹೇಳಿದಳು.

ಹೆಡ್ ನರ್ಸ್ ಬಾಗಿಲು ಮುಂದೆ ಮಾಡಿ ಬಂದು ಕೂತರು. "ಕ್ಲಾಸಿನಿಂದ ನಿನ್ನ ಗಮನ ಚುರುಕಾಯ್ತು, ಒಂದು ಜೀವ ಉಳೀತು ಅಂತ ಮೇಲಕ್ಕೆ ಬರೆದು ಕಳಿಸಿದೀನಿ. ಈಗ ಇದನ್ನ ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಇಬ್ಬರಿಗೆ ಮೂವತ್ತೆಂಟು ಜನ, ಯಾರು ತಾನೇ ಎಣಿಸ್ತಾರೆ? ಕೆಲಸ ಹೋದ್ರೆ ಏನ್ ಮಾಡ್ತೀಯ?"

ಕೆಲಸ ಹೋದರೆ ಏನು ಮಾಡಬೇಕೆಂದು ಅವಳಿಗೂ ತಿಳಿಯದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ತನ್ನನ್ನೇ ಹಂಗಿಸಿಕೊಳ್ಳುತ್ತ ತೀವ್ರ ನಿಗಾ ಘಟಕದ ಕಡೆ ನಡೆದಳು. ದರ್ಜಿಯ ಗಂಟಲಿಗೆ ನಳಿಗೆ ಹಾಕಿದ್ದರು. ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಒಬ್ಬಳೇ ಕೂತಿದ್ದಳು. ಇವಳನ್ನು ಕಂಡವಳೇ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ನೀನು ಓಡಿ ಬರದೆ ಇದ್ದಿದ್ರೆ ನಿನ್ನೆನೇ ಮುಗಿದು ಹೋಗಿರೋರು ತಾಯಿ."

ಆ ಕೈಗಳು ಬಿಸಿಯಾಗಿದ್ದವು. ಸುಮ್ಮನೆ ತಲೆಯಾಡಿಸಿ ಹೋಗಿಬಿಡಬಹುದಿತ್ತು.

"ನಿನ್ನೆ ಬೆಳಿಗ್ಗೆ ನಾನು ಇವರ ಉಸಿರು ಎಣಿಸಿರಲಿಲ್ಲಮ್ಮ. ಎಣಿಸದೇ ಬರೆದುಬಿಟ್ಟೆ. ಎಣಿಸಿದ್ರೆ ಆಗಲೇ ಗೊತ್ತಾಗ್ತಿತ್ತು."

ಮುದುಕಿಯ ಕೈಗಳು ಮೆಲ್ಲಗೆ ಸಡಿಲಗೊಂಡವು.

"ಯಾಕೋ ಏದುಸಿರು ಬಿಡ್ತಿದಾರೆ ಅಂತ ಹತ್ತು ಗಂಟೆಗೆ ನಾನೇ ನಿನ್ನ ಕೇಳ್ದೆ," ಎಂದಳು. "ನೀನು ಚಾರ್ಟ್ ನೋಡಿ, ಎಲ್ಲ ಸರಿಯಾಗಿದೆ, ಸುಮ್ನೆ ಗಾಬರಿ ಆಗ್ಬೇಡಿ ಅಂದೆ. ನಾನು ಸುಮ್ನಾದೆ."