ನೂರಿಪ್ಪತ್ತೈದಕ್ಕೆ ನೂರಹದಿನೆಂಟು

ಬ್ಯಾಂಕ್ ಆಫೀಸರ್ ಇಂದುಧರ ತಿಪಟೂರಿನವರು. ವರ್ಗವಾಗಿ ವಿಜಯವಾಡದ ಪಟಮಟಕ್ಕೆ ಬಂದು ಹತ್ತು ವರ್ಷವಾಗಿತ್ತು. ಅಲ್ಲಿಯ ಬಿಸಿಲು ಒಗ್ಗಿತು, ಗೋಂಗೂರ ಸೊಪ್ಪಿನ ಚಟ್ನಿ ಒಗ್ಗಿತು. ಮಗಳು ಸುಮಿತ್ರಾ ನಿದ್ದೆಯಲ್ಲಿ ತೆಲುಗು ಕನವರಿಸುವುದು ಮಾತ್ರ ಒಗ್ಗಲಿಲ್ಲ.

ಸುಮಿತ್ರಾಗೆ ಡಾಕ್ಟರಾಗುವುದೊಂದೇ ಹಟ. ವಿಶಾಖಪಟ್ಟಣದ ಮೆಡಿಕಲ್ ಕಾಲೇಜಿನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದಳು.

ಅವಳ ಒಂಬತ್ತನೇ ಕ್ಲಾಸು ಮುಗಿದಾಗ, ಎಂಬತ್ತೇಳರ ಬೇಸಿಗೆಯಲ್ಲಿ, ಅಪ್ಪ ತೀರ್ಪು ಕೊಟ್ಟರು. "ಹತ್ತನೇದು ತಿಪಟೂರಲ್ಲಿ, ಅಜ್ಜಿ ಮನೇಲಿ ಓದು. ಒಂದ್ವರ್ಷ ನೆಟ್ಟಗೆ ಕನ್ನಡ ಕಲಿ."

"ಬೇಡ ನಾನ್ನಾ, ಇಲ್ಲೇ ಓದ್ತೀನಿ."

"ನೋಡು, ಅಪ್ಪನ್ನ ನಾನ್ನಾ ಅಂತೀಯ! ಅದಕ್ಕೇ ಹೋಗು ಅಂದಿದ್ದು."

ತಾಯಿ ದೇವಮ್ಮ ಅಡುಗೆಮನೆಯಿಂದ ಇಣುಕಿದರು. "ಮೆಡಿಕಲ್ ಸೀಟು ಸಿಗಕ್ಕೆ ಕೊನೇ ನಾಲ್ಕು ವರ್ಷ ಬಿಡದಂಗೆ ಇಲ್ಲೇ ಓದಿರ್ಬೇಕಂತಲ್ರೀ. ಪಕ್ಕದ ಮನೆ ಅನ್ನಪೂರ್ಣಮ್ಮ ಹೇಳ್ತಿದ್ರು."

"ರೂಲ್ ಬುಕ್ ಓದೋನು ನಾನೋ, ಅನ್ನಪೂರ್ಣಮ್ಮನೋ?"

ಓದಿದವರು ಇವರು, ತಿಳಿದಿದ್ದವರು ಅವರು.

ಸುಮಿತ್ರಾ ತಿಪಟೂರಿನಲ್ಲಿ ಹತ್ತನೇದು ಮುಗಿಸಿ ಬಂದು ವಿಜಯವಾಡದಲ್ಲಿ ಇಂಟರ್ ಓದಿದಳು, ಮೂರು ವರ್ಷದ ಮೇಲೆ ಆಂಧ್ರದ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಸೆಟ್ ಬರೆದಳು. ಒಳ್ಳೆಯ ರ‍್ಯಾಂಕೇ ಬಂತು. ಸರ್ಟಿಫಿಕೇಟ್ ತಪಾಸಣೆಯ ದಿನ ಗುಮಾಸ್ತರ ಬೆರಳು ಒಂದು ಕಡೆ ನಿಂತಿತು.

"ಟೆನ್ತ್ ಎಕ್ಕಡಮ್ಮಾ?"

"ತಿಪಟೂರು... ಕರ್ನಾಟಕ."

"ಅಯ್ಯೋ, ಎಂದುಕಮ್ಮಾ?"

ಯಾಕೆಂದು ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಫ್ಯಾನಿನ ಕಡೆ ನೋಡಿದರು. ಅರ್ಜಿಯ ಮೇಲೆ ‘ನಾನ್-ಲೋಕಲ್’ ಎಂಬ ಮುದ್ರೆ ಬಿತ್ತು. ಸ್ಥಳೀಯರ ಪಾಲಿನಲ್ಲಿ ಸೀಟು ತರಬಹುದಾಗಿದ್ದ ರ‍್ಯಾಂಕು ಉಳಿದವರ ಚೂರುಪಾರು ಪಾಲಿಗೆ ಸಾಲಲಿಲ್ಲ. ಕರ್ನಾಟಕದಲ್ಲೋ, ಒಂದೇ ವರ್ಷ ಓದಿದವಳನ್ನು ಯಾರೂ ನಮ್ಮವಳೆನ್ನಲಿಲ್ಲ. ಹತ್ತನೇದು ಹತ್ತಿದ್ದು ತಿಪಟೂರಿನಲ್ಲಿ. ಇಳಿದದ್ದು ಎರಡೂ ಕಡೆ.

ಹೊರಗೆ ಬಂದು ಅಪ್ಪ ಅಂದರು, "ಹೋಗ್ಲಿ ಬಿಡು. ಕನ್ನಡದಲ್ಲಿ ನೂರಿಪ್ಪತ್ತೈದಕ್ಕೆ ನೂರಹದಿನೆಂಟು ಬಂದಿತ್ತಲ್ಲ!"

ಆ ಅಂಕಪಟ್ಟಿಗೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಬಂದವರು ಕೇಳಿದರೆ, "ಮೆಡಿಕಲ್ ಅಂತಿದ್ಲು. ಪಾಪ, ರಕ್ತ ಕಂಡ್ರೆ ತಲೆ ತಿರುಗುತ್ತೆ," ಎನ್ನುವರು. ಸುಮಿತ್ರಾ ಕಾಫಿ ಇಟ್ಟು ಒಳಗೆ ಹೋಗುವಳು. ಅಪ್ಪನೊಡನೆ ಮಾತಾಡುವುದಿದ್ದರೆ ತೆಲುಗಿನಲ್ಲೇ.

ಬಿಎಸ್ಸಿ ಮುಗಿಸಿ ಅವಳೂ ಬ್ಯಾಂಕ್ ಗುಮಾಸ್ತೆಯಾದಳು. ದೇವಮ್ಮ ತೀರಿಕೊಂಡರು. ತೊಂಬತ್ತೆಂಟರಲ್ಲಿ, ಅವಳಿಗೆ ವರ್ಗವಾಗಿ ಅಪ್ಪ-ಮಗಳು ವಿಶಾಖಪಟ್ಟಣದಲ್ಲಿದ್ದಾಗ, ಇಂದುಧರರಿಗೆ ಲಕ್ವ ಹೊಡೆಯಿತು. ನಾಲಿಗೆಯಿಂದ ಇಂಗ್ಲಿಷು ಹೋಯಿತು, ತೆಲುಗು ಹೋಯಿತು. ತಿಪಟೂರಿನ ಕನ್ನಡ ಮಾತ್ರ ಉಳಿಯಿತು.

"ಬೆನ್ನು ನೋಯ್ತೈತೆ ಕಣವ್ವಾ... ಮಗ್ಗುಲಿಗೆ ಹೊಳ್ಳುಸು..."

ಆಸ್ಪತ್ರೆಯ ಡಾಕ್ಟರಮ್ಮನಿಗೆ ಸುಮಿತ್ರಾಳದೇ ವಯಸ್ಸು. ಕೊರಳಲ್ಲಿ ಸ್ಟೆತಸ್ಕೋಪು. ಬಗ್ಗಿ ಕೇಳಿದಳು, ತಿಳಿಯಲಿಲ್ಲ. ಇವರು ಏನು ಹೇಳುತ್ತಿದ್ದಾರೆಂದು ಸುಮಿತ್ರಾಳತ್ತ ತಿರುಗಿದಳು.

ಸುಮಿತ್ರಾ ಆ ಸ್ಟೆತಸ್ಕೋಪನ್ನೇ ಒಂದು ಗಳಿಗೆ ನೋಡಿದಳು. ತನಗೆ ಕನ್ನಡ ಬರುವುದಿಲ್ಲವೆಂದು ಅಚ್ಚ ತೆಲುಗಿನಲ್ಲಿ ಹೇಳಿದಳು.

ಇಂದುಧರರಿಗೆ ತೆಲುಗು ಆಡಲು ಬಾರದಾಗಿತ್ತೇ ಹೊರತು, ಅರ್ಥವಾಗುತ್ತಿತ್ತು.